ಅರ್ಜಿ ಹಾಕಿದವರು ಯಾರು

"ಚಿಲ್ಲರೆ ಇಲ್ಲ" ಎನ್ನುವವರ ಜೇಬಿನಿಂದಲೇ ಇಪ್ಪತ್ತೆರಡು ವರ್ಷ ಚಿಲ್ಲರೆ ಹೊರಡಿಸಿದವಳಿಗೆ, "ಕಡತ ಸಿಗಲ್ಲ" ಎನ್ನುವ ಒಬ್ಬ ಗುಮಾಸ್ತ ಯಾವ ಲೆಕ್ಕ? ಹಾಗೆಂದುಕೊಂಡೇ ಕಂಡಕ್ಟರಮ್ಮ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಳು. ಆದರೆ ನಕಲು ವಿಭಾಗದ ಕಿಟಕಿಯ ಹಿಂದೆ ಕೂತಿದ್ದ ಮನುಷ್ಯ ಸಾಮಾನ್ಯದವನಲ್ಲ. ಕಾಗದ ಕೈಗೆ ತೆಗೆದುಕೊಳ್ಳುವ ಮೊದಲೇ "ಸಿಗಲ್ಲ" ಎನ್ನುತ್ತಿದ್ದ. ಎರಡನೆಯ ಸಲ ಹೋದಾಗಲೇ ಅವಳು ಅವನಿಗೆ ಸಿಗಲ್ಲ ಸಾಹೇಬ ಎಂದು ಹೆಸರಿಟ್ಟಳು. ಹೆಸರಿಡುವುದರಲ್ಲಿ ಅವಳದು ಎತ್ತಿದ ಕೈ. ಅವಳ ಬಸ್ಸಿಗೆ ದಿನಾ ಹತ್ತುವವರಲ್ಲಿ ಅಡ್ಡಹೆಸರಿಲ್ಲದವರೇ ಇಲ್ಲ.

ಅವಳು ಕೆಲಸಕ್ಕೆ ಸೇರಿದಾಗ ಆ ಡಿಪೋದಲ್ಲಿ ಹೆಂಗಸರೆಂದರೆ ಕಸ ಗುಡಿಸುವ ಇಬ್ಬರು, ಇವಳು ಮೂರನೆಯವಳು. "ಹೆಣ್ಣು ಕಂಡಕ್ಟರಾ? ಒಂದು ತಿಂಗಳು ಇರ್ತಾಳೆ ನೋಡಿ" ಎಂದು ಪಂಥ ಕಟ್ಟಿದ್ದ ಡ್ರೈವರು ನಿವೃತ್ತನಾಗಿ ಹೋದ, ಇವಳು ಇನ್ನೂ ಇದ್ದಾಳೆ. ಹುಡುಗಿಯರನ್ನು ಒರಸಿಕೊಂಡು ನಿಲ್ಲುವವರನ್ನು ನಡುದಾರಿಯಲ್ಲಿ ಇಳಿಸಿದ್ದಾಳೆ, ಹೆಂಗಸರಿಗೆ ಶೌಚಾಲಯ ಕಟ್ಟಿಸುವ ತನಕ ಮ್ಯಾನೇಜರ ಕೋಣೆಯ ಶೌಚಾಲಯವನ್ನೇ ಬಳಸಿದ್ದಾಳೆ. ಬೇಡವೆಂದವರ ಮುಂದೆ ಪಟ್ಟು ಹಿಡಿದು ನಿಲ್ಲುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಯಾಕೆಂದರೆ, ಅವಳೇ ಹೇಳುವ ಹಾಗೆ, "ನಾನು ಹೆತ್ತವಳಿಗೇ ಬೇಡವಾದವಳು. ಇನ್ನು ಊರಿಗೆ ಬೇಕಾದರೆಷ್ಟು, ಬಿಟ್ಟರೆಷ್ಟು?"

ಈ ಮಾತು ಅವಳಿಗೆ ಬಂದದ್ದು ಅತ್ತೆಯಿಂದ. ಅತ್ತೆಯೆಂದರೆ ಅಪ್ಪನ ಅಕ್ಕ, ಐದನೇ ವಯಸ್ಸಿನಿಂದ ಅವಳನ್ನು ಸಾಕಿದವಳು. ಅಪ್ಪ ಅಮ್ಮ ಬೇರೆಯಾದಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿತ್ತು. "ನಿಮ್ಮಮ್ಮ ಜಡ್ಜರ ಮುಂದೆ ನಿನ್ನನ್ನ ಬೇಡ ಅಂತ ಸಹಿ ಹಾಕಿ ಹೋದ್ಲು" ಎಂದು ಅತ್ತೆ ಹೇಳುತ್ತಿದ್ದಳು. ಒಂದು ಸಲವಲ್ಲ, ಜ್ವರ ಬಂದಾಗ, ಪರೀಕ್ಷೆಯಲ್ಲಿ ಫೇಲಾದಾಗ, ಮದುವೆ ಬೇಡವೆಂದು ಹಟ ಹಿಡಿದಾಗ, ಪ್ರತಿ ಸಲವೂ. ಆ ಮನೆಯಲ್ಲಿ ಅಮ್ಮನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪ ತೀರಿಕೊಳ್ಳುವ ತನಕವೂ ಅಮ್ಮ ಬರೀ "ಅವಳು" ಆಗಿಯೇ ಉಳಿದಳು.

ಹೋದ ತಿಂಗಳು ಬಸ್ಸು ತುಂಬಿ ತುಳುಕುತ್ತಿದ್ದಾಗ ಫೋನು ಬಂತು. ದೊಡ್ಡಾಸ್ಪತ್ರೆಯ ನರ್ಸು.

"ಡಿಪೋದಲ್ಲಿ ನಿಮ್ಮ ನಂಬರು ಕೊಟ್ರು. ಇಲ್ಲೊಬ್ಬರು ನಿಮ್ಮ ತಾಯಿ ಅಂತ ಹೇಳ್ತಿದಾರೆ. ನಿಮ್ಮನ್ನ ನೋಡಬೇಕಂತೆ. ಜಾಸ್ತಿ ದಿನ ಇಲ್ಲ ಅಂತಾರೆ ಡಾಕ್ಟರು."

"ನನಗೆ ತಾಯಿ ಇಲ್ಲ," ಎಂದು ಫೋನಿಟ್ಟಳು. ಆಮೇಲೆ ಎರಡು ನಿಲ್ದಾಣ ಸೀಟಿ ಊದುವುದನ್ನೇ ಮರೆತಳು. ಇಳಿಯಬೇಕಾದವರು ಬೊಬ್ಬೆ ಹೊಡೆದರು, ಡ್ರೈವರು ಕನ್ನಡಿಯಲ್ಲಿ ನೋಡಿ "ಏನಕ್ಕ, ಮೈ ಹುಷಾರಿಲ್ವಾ?" ಎಂದ. ಹುಷಾರಾಗಿಯೇ ಇದ್ದಳು. ಸಿಟ್ಟು ಬಂದಿತ್ತು, ಅಷ್ಟೆ. ನಲವತ್ತು ವರ್ಷ ಸುದ್ದಿಯಿಲ್ಲದವಳು ಸಾಯುವಾಗ ಕರೆದರೆ ಓಡಿಹೋಗಬೇಕೇ? ಹೋಗದಿದ್ದರೆ ನಾಳೆ ಎದೆ ಚುಚ್ಚದೇ? ಅತ್ತೆ ಹೇಳಿದ್ದು ಒಂದು ಬಾಯಿ, ಸಾಯುವವಳು ಹೇಳುವುದು ಇನ್ನೊಂದು ಬಾಯಿ. ಇಬ್ಬರನ್ನೂ ನಂಬುವ ಕರ್ಮ ಅವಳಿಗೆ ಬೇಕಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಇದಂತೂ ಕಣ್ಣಾರೆ ಕಂಡದ್ದೂ ಅಲ್ಲ. ಸಹಿ ಹಾಕಿದ್ದು ನಿಜವಾದರೆ ಕಾಗದ ಎಲ್ಲೋ ಇರಲೇಬೇಕು. ಆ ಸಹಿಯನ್ನು ನೋಡುತ್ತೇನೆ, ಬೇಡವೆಂದು ಬರೆದಿದ್ದರೆ ಆಸ್ಪತ್ರೆಯ ದಿಕ್ಕಿಗೂ ತಲೆ ಹಾಕುವುದಿಲ್ಲ ಎಂದು ತೀರ್ಮಾನಿಸಿಕೊಂಡಳು.

ತೀರ್ಮಾನ ಸುಲಭ, ಅರ್ಜಿಯ ನಮೂನೆ ಕಷ್ಟ. ಪ್ರಕರಣದ ಸಂಖ್ಯೆ, ಇಸವಿ, ತೀರ್ಪಿನ ದಿನಾಂಕ, ಮೂರೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಲ್ಲಿಗೆ ಯಾಕೆ ಬರುತ್ತಿದ್ದಳು?

ಸಿಗಲ್ಲ ಸಾಹೇಬ ಮೊದಲ ದಿನ, "ಪಕ್ಷಗಾರರಿಗೆ ಮಾತ್ರ ನಕಲು ಕೊಡೋದು. ನೀವು ಅರ್ಜಿದಾರರೂ ಅಲ್ಲ, ಎದುರುದಾರರೂ ಅಲ್ಲ," ಎಂದ.

"ಜಗಳ ಆಡಿದ್ದು ಯಾರಿಗೋಸ್ಕರ ಸ್ವಾಮಿ? ನನಗೋಸ್ಕರ."

"ಮಗು ಪಕ್ಷಗಾರ ಆಗಲ್ಲಮ್ಮ."

"ಮನೆ ಪಾಲು ಹಂಚಿಕೊಳ್ಳೋವಾಗ ಪಾತ್ರೆನೂ ಪಕ್ಷಗಾರ ಆಗಲ್ಲ, ಗೊತ್ತು. ಆದ್ರೆ ಪಾತ್ರೆ ಬಂದು ನಿಮ್ಮ ಕಿಟಕಿ ಮುಂದೆ ನಿಂತ್ಕೊಂಡು ಕೇಳಲ್ಲ. ನಾನು ಕೇಳ್ತಿದೀನಿ. ಆಗಲ್ಲ ಅನ್ನೋದಾದ್ರೆ ಯಾವ ಕಾರಣಕ್ಕೆ ಅಂತ ಈ ಅರ್ಜಿ ಮೇಲೇ ಬರೆದು ಸಹಿ ಹಾಕಿ ಕೊಡಿ."

ಬರೆದುಕೊಡು ಎಂದರೆ ಎಂಥ ಗುಮಾಸ್ತನ ನಾಲಗೆಯೂ ಒಣಗುತ್ತದೆ. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಕಾರಣ ತಿಳಿಸಿ ಅಫಿಡವಿಟ್ ಕೊಟ್ಟರೆ ನೋಡಬಹುದೇನೋ" ಎಂದ. ಮಾರನೆಯ ದಿನ ಅವಳು ಅಫಿಡವಿಟ್ ತಂದಳು. ಕಾರಣದ ಜಾಗದಲ್ಲಿ ಟೈಪಿಸ್ಟು "ವೈಯಕ್ತಿಕ ಉಪಯೋಗಕ್ಕಾಗಿ" ಎಂದು ಹೊಡೆಯಹೊರಟಿದ್ದ. ಅವಳು ತಡೆದು, "ನನ್ನನ್ನು ಬೇಡವೆಂದವರು ಯಾರು ಎಂದು ತಿಳಿಯುವ ಸಲುವಾಗಿ" ಎಂದು ಹೊಡೆಸಿದ್ದಳು. ನ್ಯಾಯಾಧೀಶರು ಅದನ್ನು ಎರಡು ಸಲ ಓದಿ ಅನುಮತಿ ಕೊಟ್ಟರಂತೆ.

ಅನುಮತಿ ಸಿಕ್ಕಿತು, ಕಡತ ಸಿಗಲಿಲ್ಲ. ಅಪ್ಪನ ಹೆಸರಿನಲ್ಲಿ ಒಂದು ವರ್ಷದ ಪುಸ್ತಕ ಹುಡುಕಿದರು, ಹಿಂದಿನ ವರ್ಷದ್ದು, ಮುಂದಿನ ವರ್ಷದ್ದು. ಅಪ್ಪನ ಹೆಸರಿನವರೇ ನಾಲ್ವರು ಸಿಕ್ಕರು. ಒಬ್ಬನಿಗೆ ಮಕ್ಕಳೇ ಇಲ್ಲ, ಇನ್ನೊಬ್ಬನಿಗೆ ಮೂರು ಗಂಡುಮಕ್ಕಳು, ಉಳಿದಿಬ್ಬರು ಹೆಂಡತಿಯರ ಜೊತೆ ರಾಜಿಯಾಗಿ ಮನೆಗೆ ಹೋಗಿದ್ದರು. ಅತ್ತ ಆಸ್ಪತ್ರೆಯಲ್ಲಿ ದಿನಗಳು ಮುಗಿಯುತ್ತಿದ್ದವು. ನರ್ಸು ಇನ್ನೊಂದು ಸಲ ಫೋನು ಮಾಡಿದಾಗ ಕಂಡಕ್ಟರಮ್ಮ "ಕಾಗದಕ್ಕೆ ಕಾಯ್ತಿದೀನಿ" ಎಂದಳು. ಆ ಹುಡುಗಿಗೆ ಏನು ಅರ್ಥವಾಯಿತೋ ಏನೋ.

"ನಲವತ್ತು ವರ್ಷದ್ದು, ಗೆದ್ದಲು ತಿಂದಿರುತ್ತೆ. ಸಿಗಲ್ಲ," ಎಂದ ಸಾಹೇಬ, ಈ ಸಲ ಕೊಂಚ ಮರುಕದಿಂದ.

"ಹಾಗಾದ್ರೆ ಗೆದ್ದಲನ್ನೇ ತೋರ್ಸಿ. ನಾನು ಇಲ್ಲೇ ಕೂತಿರ್ತೀನಿ," ಎಂದು ಅವಳು ಖಾಕಿ ಸಮವಸ್ತ್ರದಲ್ಲೇ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂತಳು. ಅಂದಿನ ಪಾಳಿಗೆ ಅಲ್ಲಿಂದಲೇ ಫೋನು ಮಾಡಿ ರಜೆ ಹೇಳಿದಳು. ವಕೀಲರು ಬಂದರು, ಹೋದರು. ಗಂಡ ಹೆಂಡತಿ ಬೆಂಚಿನ ಎರಡು ತುದಿಯಲ್ಲಿ ಕೂತು, ನಡುವೆ ಮಗುವಿನ ಚೀಲ ಇಟ್ಟುಕೊಂಡು, ಎದ್ದು ಹೋದರು. ಊಟದ ಹೊತ್ತಿಗೆ ಒಳಗಿನ ದಾಖಲೆ ಕೋಣೆಯಿಂದ ಒಬ್ಬಳು ಹೊರಬಂದಳು, ಮೈಯೆಲ್ಲ ಧೂಳು, ಮೂಗಿಗೆ ಬಟ್ಟೆ. ಹಳೆಯ ಕಟ್ಟುಗಳನ್ನು ಜೋಡಿಸುವುದು ಅವಳ ಕೆಲಸ. ಎಲ್ಲರೂ ಅವಳನ್ನು ಕಟ್ಟಿನಕ್ಕ ಎನ್ನುತ್ತಿದ್ದರು.

"ಮೂರು ದಿನದಿಂದ ನಿನ್ನಿಂದ ನನಗೆ ಸೊಂಟ ನೋವು," ಎಂದಳು ಕಟ್ಟಿನಕ್ಕ, ಮೂಗಿನ ಬಟ್ಟೆ ಸರಿಸಿ. "ಅರ್ಜಿ ಹಾಕಿದವರು ಯಾರು?"

"ನಾನೇ."

"ನಿನ್ನ ಅರ್ಜಿ ಅಲ್ಲ ತಾಯಿ, ಆಗಿನದು. ನಮ್ಮ ಪುಸ್ತಕದಲ್ಲಿ ಮೊದಲು ಅರ್ಜಿ ಹಾಕಿದವರ ಹೆಸರಲ್ಲೇ ಹುಡುಕಬೇಕು. ಎದುರುದಾರರ ಹೆಸರಿಗೆ ಬೇರೆ ಪಟ್ಟಿ ಇಲ್ಲ."

"ಅಪ್ಪನೇ ಹಾಕಿರೋದು. ಇನ್ಯಾರು?"

"ನೀನು ನೋಡಿದ್ಯಾ?"

ನೋಡಿರಲಿಲ್ಲ. ಬಿಟ್ಟುಹೋದವಳು ಅರ್ಜಿ ಯಾಕೆ ಹಾಕುತ್ತಾಳೆ ಎಂದುಕೊಂಡು, ಹಾಕಿದವರು ಯಾರೆಂದು ಕಂಡಕ್ಟರಮ್ಮ ಒಂದು ದಿನವೂ ಕೇಳಿಕೊಂಡಿರಲಿಲ್ಲ. ನಮೂನೆ ತುಂಬುವಾಗ ಅರ್ಜಿದಾರರ ಜಾಗದಲ್ಲಿ ಅಪ್ಪನ ಹೆಸರನ್ನು ಕೈ ತಾನಾಗಿ ಬರೆದಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇನ್ನೊಂದು ನಮೂನೆ ತೆಗೆದುಕೊಂಡು ಆ ಜಾಗದಲ್ಲಿ ಅಮ್ಮನ ಹೆಸರು ಬರೆದಳು. ತನ್ನ ಜನನ ಪತ್ರದಲ್ಲಿ ಓದಿದ್ದ ಹೆಸರನ್ನು ಅವಳು ಸ್ವಂತ ಕೈಯಿಂದ ಬರೆದದ್ದು ಅದೇ ಮೊದಲು.

ಕಟ್ಟಿನಕ್ಕ ಒಳಗೆ ಹೋಗಿ ಬರಲು ಕಾಲು ಗಂಟೆಯೂ ಹಿಡಿಯಲಿಲ್ಲ. "ಸಿಕ್ತು" ಎಂದಳು. ಸಿಗಲ್ಲ ಸಾಹೇಬ ಎದ್ದೇ ನಿಂತುಬಿಟ್ಟ.

ಎರಡು ದಿನದ ಮೇಲೆ ಮೊಹರು ಬಿದ್ದ ನಕಲು ಕೈಗೆ ಬಂತು. ಪಾಳಿ ಮುಗಿಸಿ ಖಾಕಿಯಲ್ಲೇ ಬಂದಿದ್ದ ಕಂಡಕ್ಟರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದಳು. ಮೊದಲ ಹಾಳೆಯಲ್ಲಿ ಅಮ್ಮ ಕೇಳಿದ್ದು ಒಂದೇ ಒಂದು: ಮಗಳನ್ನು ನನ್ನ ವಶಕ್ಕೆ ಕೊಡಿಸಬೇಕು. ಆಮೇಲೆ ವಿಚಾರಣೆಯ ದಿನಗಳು. ಅರ್ಜಿದಾರಳು ಹಾಜರು, ಎದುರುದಾರ ಗೈರು, ಮುಂದೂಡಲಾಗಿದೆ. ಅರ್ಜಿದಾರಳು ಹಾಜರು, ಎದುರುದಾರನ ವಕೀಲರು ಕಾಲಾವಕಾಶ ಕೋರಿದರು, ಮುಂದೂಡಲಾಗಿದೆ. ಒಂದೂವರೆ ವರ್ಷ ಹೀಗೇ. ಇಪ್ಪತ್ತಮೂರು ಸಲವೂ ಅಮ್ಮ ಹಾಜರಿದ್ದಳು. ಬೆರಳಿಟ್ಟು ಎಣಿಸಿದಳು ಕಂಡಕ್ಟರಮ್ಮ, ಮತ್ತೆ ಎಣಿಸಿದಳು.

ಇಪ್ಪತ್ತೆರಡನೆಯ ದಿನದ ಕೆಳಗೆ ಹೀಗಿತ್ತು: ಮಗುವನ್ನು ಕರೆತರಲಾಗಿತ್ತು. ಕೇಳಲಾಗಿ, ಅಮ್ಮ ಬೇಡ, ಅತ್ತೆ ಬೇಕು ಎಂದಿತು. ಮಗು ಅತ್ತು ನಡುಗುತ್ತಿದ್ದುದರಿಂದ ವಿಚಾರಣೆ ನಿಲ್ಲಿಸಲಾಯಿತು.

ಬೇಡವೆಂದವಳು ತಾನು. ಆ ಸಾಲನ್ನು ಇನ್ನೊಮ್ಮೆ ಓದಿದಳು. ಆ ಕೋಣೆಯಾಗಲಿ, ಜಡ್ಜರಾಗಲಿ, ತಾನಾಡಿದ ಮಾತಾಗಲಿ ಒಂದಿಷ್ಟೂ ನೆನಪಿರಲಿಲ್ಲ. ಕೊನೆಯ ಹಾಳೆ ಅಮ್ಮನ ಕೈಬರಹದ್ದು, ಸೊಟ್ಟ ಅಕ್ಷರ. "ನನ್ನ ಮಗಳು ಈ ಕೋಣೆ ಕಂಡರೆ ಹೆದರುತ್ತಾಳೆ. ಅವಳನ್ನು ಇನ್ನು ಇಲ್ಲಿಗೆ ಕರೆಸಬೇಡಿ. ಅದಕ್ಕಾಗಿ ಅರ್ಜಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಮಗಳು ಬೇಡವೆಂದಲ್ಲ." ಅದರ ಕೆಳಗೆ ಸಹಿ. ಅತ್ತೆ ಹೇಳಿದ್ದ ಸಹಿ.

ಮನೆಗೆ ಹೋಗಿ ಹಾಳೆಗಳನ್ನು ಅತ್ತೆಯ ಮಡಿಲಲ್ಲಿಟ್ಟಳು. ಎಂಬತ್ತು ದಾಟಿದ ಅತ್ತೆ ಕನ್ನಡಕ ಹುಡುಕಲಿಲ್ಲ. ಅದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು.

"ಸಹಿ ಹಾಕಿದ್ದು ಸುಳ್ಳಾ?" ಎಂದಳು ಅತ್ತೆ, ಜಗ್ಗದೆ.

"ಸಹಿ ನಿಜ. ಅಮ್ಮ ಬೇಡ ಅಂತ ನನಗೆ ಹೇಳಿಕೊಟ್ಟಿದ್ದು ಯಾರು?"

ಅತ್ತೆ ಹಾಳೆಯ ಅಂಚನ್ನು ಬೆರಳಿಂದ ತೀಡಿದಳು. "ನಾನೇ," ಎಂದಳು. "ನನಗೆ ಮಕ್ಕಳಿರಲಿಲ್ಲ ಕಣೇ. ನೀನು ನನ್ನ ಪಕ್ಕದಲ್ಲಿ ಮಲಗೋದು ಅಭ್ಯಾಸ ಆಗಿಹೋಗಿತ್ತು."

ಕಂಡಕ್ಟರಮ್ಮನ ಬಾಯಿಗೆ ನೂರು ಮಾತು ಬಂದವು. ಹಾಳೆಗಳನ್ನು ಅತ್ತೆಯ ಮಡಿಲಿನಿಂದ ಎತ್ತಿಕೊಂಡಳು. "ನೀವು ನನ್ನ ಸಾಕಿದ್ದು ಸುಳ್ಳಲ್ಲ, ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ," ಎಂದಳು. "ಆದ್ರೆ ನಲವತ್ತು ವರ್ಷ ನನ್ನನ್ನ ಬೇಡವಾದವಳು ಮಾಡಿದ್ರಿ. ಅದನ್ನ ಮಾತ್ರ ಕ್ಷಮಿಸಲ್ಲ. ಈಗ ಹೋಗ್ತೀನಿ. ಬರೋದು ತಡ ಆದ್ರೆ ಊಟ ಮಾಡಿ ಮಲ್ಕೊಳ್ಳಿ." ಅತ್ತೆ ತಡೆಯಲು ಕೈಯೆತ್ತಿದಳು. ಇವಳು ಹೊಸ್ತಿಲು ದಾಟಿಯಾಗಿತ್ತು.

ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲಿಗೆ ಕಾವಲುಗಾರ ಅಡ್ಡ ನಿಂತ. "ಐದು ಗಂಟೆ ಆಯ್ತು. ಇನ್ನು ನಾಳೇನೇ."

"ನಾನು ನಲವತ್ತು ವರ್ಷ ತಡವಾಗಿ ಬಂದಿದೀನಿ. ನಿನ್ನ ಐದು ಗಂಟೆ ನನಗೆ ಯಾವ ಮೂಲೆಗೆ? ಸರ್ಕೋ," ಎಂದಳು. ತುಂಬಿದ ಬಸ್ಸಿನಲ್ಲಿ ಎಂಬತ್ತು ಜನರನ್ನು ಹಿಂದಕ್ಕೆ ಸರಿಸುವ ದನಿ ಅದು. ಅವನು ಸರಿದ.

ಕಿಟಕಿಯ ಪಕ್ಕದ ಮಂಚದಲ್ಲಿ ಒಂದು ಹಿಡಿಯಷ್ಟಾಗಿದ್ದ ಮುದುಕಿ ಮಲಗಿದ್ದಳು. ತನ್ನದೇ ಮೂಗು, ತನ್ನದೇ ಗಂಟುಹುಬ್ಬು. ಕಣ್ಣು ಮಂಜಾಗಿದ್ದರಿಂದ ಖಾಕಿ ಬಣ್ಣ ಕಂಡು, "ಯಾರು?" ಎಂದಳು.

"ಮಗಳನ್ನ ಕೊಡಿ ಅಂತ ಅರ್ಜಿ ಹಾಕಿದ್ಯಲ್ಲ," ಎಂದಳು ಕಂಡಕ್ಟರಮ್ಮ. "ಬಂದಿದೀನಿ."

ಮುದುಕಿಯ ಕೈ ಹಾಸಿಗೆಯ ಮೇಲೆ ತಡಕಾಡಿತು, ಇವಳ ಮಣಿಕಟ್ಟು ಸಿಕ್ಕೊಡನೆ ಬಿಗಿಯಾಗಿ ಹಿಡಿಯಿತು.  ಆಮೇಲೆ, ಎಷ್ಟೋ ಕಾಲದಿಂದ ಕೇಳಬೇಕೆಂದಿದ್ದವಳ ಹಾಗೆ, ಮೆಲ್ಲಗೆ ಕೇಳಿದಳು: "ಬರುವಾಗ ಅಳಲಿಲ್ಲ ತಾನೆ?"

"ಅಳ್ತಾನೇ ಬಂದೆ ಕಣಮ್ಮ," ಎಂದಳು ಮಗಳು. "ಆದ್ರೆ ಈ ಸಲ ನಾನಾಗೇ ಬಂದೆ."