ಬರೆಯದೆ ಬಿಟ್ಟ ಸೀರೆ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರಿನ ಜಗಲಿಯಲ್ಲಿ ಕೂತು ಅರ್ಜಿ ಬರೆಯುತ್ತಿದ್ದೆ. ನನ್ನ ಅರ್ಜಿಯನ್ನು ಸಾಹೇಬರೂ ನೆಟ್ಟಗೆ ಕೂತು ಓದುತ್ತಾರೆಂಬ ಜಂಬ ನನಗಿತ್ತು. ಬದು ಒತ್ತಿದ್ದಕ್ಕೊಂದು, ದಾಯಾದಿ ಜಗಳಕ್ಕೊಂದು, ಹೆಣ್ಣುಮಕ್ಕಳ ಕಷ್ಟಕ್ಕೊಂದು ಎಂದು ಸಿದ್ಧ ವಾಕ್ಯಗಳನ್ನು ಇಟ್ಟುಕೊಂಡಿದ್ದೆ. ಬಂದವರು ಅರ್ಧ ಹೇಳುವಷ್ಟರಲ್ಲಿ ನಾನು ಪೂರ್ತಿ ಬರೆದು ಮುಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಬಳ್ಳಿಗಾವಿ ಕಡೆಯ ರೈತರೊಬ್ಬರು ಬಂದರು. ಮಗಳನ್ನು ಸೊರಬದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಮೂರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡನೂ ಅತ್ತೆಯೂ ಅವಳನ್ನು ಹಿಂಸಿಸುತ್ತಿದ್ದರಂತೆ. ನಾಲ್ಕು ದಿನದ ಹಿಂದೆ ಅವಳು ತಾನೇ ಪ್ರಾಣ ಕಳೆದುಕೊಂಡಿದ್ದಳು. ಸೊರಬದ ಪೊಲೀಸರಿಗೆ ಕೊಡಲು ಒಂದು ದೂರು ಬರೆದುಕೊಡಿ ಎಂದರು. ಅಳಲಿಲ್ಲ. ಒಂದೇ ಸಂಗತಿಯನ್ನು ನಿಧಾನವಾಗಿ ಹೇಳಿದರು.

"ಅವಳು ಹೋಗೋ ಎರಡು ದಿನ ಮುಂಚೆ ಶಿರಾಳಕೊಪ್ಪದ ಸಂತ್ಯಾಗೆ ಬೀಗ್ತಿ ಸಿಕ್ಕಿದ್ರು ರೀ. ನನ್ನ ಮಗಳ ಧಾರೆ ಸೀರೆ ತಂದು ನನ್ನ ಕೈಗೆ ಕೊಟ್ರು. 'ಇನ್ನು ಇದು ಅವಳಿಗೆ ಬೇಕಾಗಾದಿಲ್ಲ. ಅವಳಿಗೂ ಅದನ್ನೇ ಹೇಳಿ, ಅವಳ ಕಣ್ಮುಂದೇನೇ ಪೆಟ್ಟಿಗೆಯಿಂದ ತೆಗೆದು ತಂದೀನಿ' ಅಂದ್ರು. ತವರಿಗೆ ಕಳಿಸ್ತಾರೆ ಅಂತ ನಾನು ತಿಳ್ಕಂಡೆ. ಹೋಗಿ ಕರ್ಕಂಡು ಬರಾಣ ಅಂತ ಗಾಡಿ ಕಟ್ಟೋ ಹೊತ್ತಿಗೆ ಸುದ್ದಿ ಬಂತು."

ಹೆಣ್ಣು ಬದುಕಿರುವಾಗ ಧಾರೆ ಸೀರೆಯನ್ನು ತವರಿಗೆ ತಿರುಗಿಸುವವರು ನಮ್ಮ ಕಡೆ ಇಲ್ಲ. ಅದು ನನಗೂ ಗೊತ್ತಿತ್ತು. ಆದರೆ ಕಾನೂನಿಗೆ ಸೀರೆಯ ಕಥೆ ಯಾಕೆ, ತೂಕದ ಮಾತು ಬೇಕು ಎಂದುಕೊಂಡೆ. 'ಸದರಿ ಆಪಾದಿತರು ದುರುದ್ದೇಶದಿಂದ ಒಳಸಂಚು ನಡೆಸಿ, ಸತ್ತುಹೋಗು ಎಂದು ಪದೇ ಪದೇ ಪ್ರಚೋದಿಸಿ' ಎಂದು ಸಲೀಸಾಗಿ ಬರೆದು ಓದಿ ಹೇಳಿದೆ.

"ಸೀರೆ ವಿಷ್ಯ ಬರ್ಲಿಲ್ಲಲ್ರೀ?" ಎಂದರು.

"ಅದೆಲ್ಲ ಇದ್ರೊಳಗೇ ಬಂತು. ನೀವು ಹೆಬ್ಬೆಟ್ಟು ಒತ್ರಿ."

ಒತ್ತಿದರು. ತಿಳಿದವರು ಹೇಳಿದ ಮೇಲೆ ಮುಗಿಯಿತು ಎಂಬ ನಂಬಿಕೆ ಅವರದು.

ಮೊಕದ್ದಮೆ ಶಿವಮೊಗ್ಗದ ಸೆಷನ್ಸ್ ಕೋರ್ಟಿಗೆ ಹೋಯಿತು. ಗಂಡನೂ ಅತ್ತೆಯೂ ಕಟಕಟೆಯಲ್ಲಿ ನಿಂತಿದ್ದರು. ಪೊಲೀಸರಿಗೆ ಒಪ್ಪಿಸಿದ್ದ ಸೀರೆ ಮೇಜಿನ ಮೇಲಿತ್ತು. ಹುಡುಗಿಯ ತಂದೆ ಸಂತೆಯಲ್ಲಿ ನಡೆದದ್ದನ್ನು ನನಗೆ ಹೇಳಿದ ಹಾಗೆಯೇ ಅಲ್ಲಿಯೂ ಹೇಳಿದರು. ಮಾರನೆಯ ದಿನ ದೂರು ಬರೆದವನೆಂದು ನನ್ನನ್ನು ಕರೆದರು.

ಎದುರು ಪಕ್ಷದ ವಕೀಲರು ನಾನು ಹಿಂದಿನ ವರ್ಷ ಬೇರೊಬ್ಬರಿಗೆ ಬರೆದಿದ್ದ ದೂರೊಂದನ್ನು ಹಿಡಿದುಕೊಂಡು ಬಂದಿದ್ದರು. ಅದರಲ್ಲೂ ಅದೇ ವಾಕ್ಯ. "ಇದು ಫಿರ್ಯಾದಿಯ ಮಾತೋ, ನಿಮ್ಮ ಮಾತೋ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ನಮ್ಮೂರಿನ ನಾಲ್ಕು ಜನ ಕೂತಿದ್ದರು. ನಾಳೆ ಜಗಲಿಗೆ ಯಾರು ಬರುತ್ತಾರೆ ಎಂಬುದೊಂದೇ ಆಗ ನನಗೆ ಹೊಳೆದದ್ದು.

"ಅವರು ಹೇಳಿದ್ದನ್ನೇ ಬರೆದಿದ್ದೇನೆ" ಎಂದೆ.

"ಸೀರೆಯ ವಿಷಯ ಹೇಳಿದ್ದರೆ ಅದನ್ನೂ ಬರೆಯುತ್ತಿದ್ದಿರಿ, ಅಲ್ಲವೇ?"

"ಬರೆಯುತ್ತಿದ್ದೆ."

ವಕೀಲರು ಕೂತುಬಿಟ್ಟರು. ಅವರಿಗೆ ಬೇಕಿದ್ದದ್ದು ಅಷ್ಟೇ. ಗೋಡೆಯ ಬದಿಯಲ್ಲಿ ನಿಂತಿದ್ದ ಆ ತಂದೆ ನನ್ನನ್ನು ನೋಡಿ ಆಮೇಲೆ ಸೀರೆಯ ಕಡೆ ನೋಡಿದರು.

ಅವಳು ಸಾಯಲೆಂಬ ಉದ್ದೇಶ ಆಪಾದಿತರಿಗೆ ಇತ್ತೆನ್ನಲು, ಯಾವ ದಿನ, ಯಾವ ಮಾತಿನಿಂದ, ಯಾವ ಕೆಲಸದಿಂದ ಪ್ರಚೋದನೆ ನಡೆಯಿತು ಎಂಬುದಕ್ಕೆ ರುಜುವಾತು ಬೇಕು ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಹೇಳಿದರು. ದೂರಿನ ವಾಕ್ಯ ಬಾಯಿಪಾಠದ್ದು. ಸೀರೆಯ ಸಂಗತಿ ನಿಜವಾಗಿದ್ದರೆ ಯೋಚಿಸತಕ್ಕದ್ದೇ, ಆದರೆ ಮೊದಲ ದೂರಿನಲ್ಲಿ ಅದಿಲ್ಲ, ಆಮೇಲೆ ಕಟ್ಟಿದ್ದು ಎಂದರು. ಇಬ್ಬರೂ ಖುಲಾಸೆಯಾದರು. ಎಲ್ಲರಿಗೂ ಬೇಕಾಗಿದ್ದ ಒಂದು ದಿನ, ಒಂದು ಮಾತು, ಒಂದು ಕೆಲಸ ಆ ಬೆಳಿಗ್ಗೆ ನನ್ನ ಮುಂದೆ ಬಂದು ಕೂತಿತ್ತು. ಅದನ್ನು ಅಟ್ಟಿದವನು ನಾನೇ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

ಸ್ವಲ್ಪ ದಿನದ ಮೇಲೆ ಆ ತಂದೆ ಮತ್ತೆ ಜಗಲಿಗೆ ಬಂದರು. ಬೈಯುತ್ತಾರೆಂದು ಎದ್ದು ನಿಂತೆ. ಬೈದಿದ್ದರೆ ಚೆನ್ನಾಗಿತ್ತು.

"ಸೀರೆ ಕೋರ್ಟಿನಾಗೇ ಐತಿ. ತಿರುಗಿ ಕೊಡ್ರಿ ಅಂತ ಒಂದು ಅರ್ಜಿ ಬೇಕು."

"ನನ್ನಿಂದ ತಪ್ಪಾಯ್ತು ರೀ" ಎಂದೆ.

"ಬರೀರಿ. ಈ ಸಲ ನಾನು ಹೇಳಿದಷ್ಟೇ ಬರೀರಿ."

ಕಾಗದ ತೆಗೆದೆ. ಅವರು ಒಂದೊಂದೇ ಮಾತು ಹೇಳಿದರು. ಇದು ನನ್ನ ಮಗಳ ಧಾರೆ ಸೀರೆ. ಸಂತೆಯಲ್ಲಿ ಬೀಗಿತ್ತಿ ನನ್ನ ಕೈಗೆ ಕೊಟ್ಟದ್ದು. ಇದನ್ನು ನಾನು ಮೊದಲ ದಿನವೇ ಅರ್ಜಿ ಬರೆಯುವವರಿಗೆ ಹೇಳಿದ್ದೆ.

ಮೂರನೆಯ ಮಾತಿಗೆ ನನ್ನ ಕೈ ನಿಂತಿತು. ಅವರು ಅವಸರ ಮಾಡಲಿಲ್ಲ, ಕಾದರು. ಬರೆದೆ. ಓದಿ ಹೇಳಲು ಹೇಳಿದರು, ಓದಿದೆ. ಅವರು ಹೆಬ್ಬೆಟ್ಟು ಒತ್ತಿದ ಮೇಲೆ, ಬರೆದವನು ಎಂಬಲ್ಲಿ ನನ್ನ ರುಜು ಹಾಕಿದೆ.