ವಸಂತನಿಗೆ ಕಾಣದೆ ಹೋದ ಜಾಗ

ದೇವರಿಗೆ ದೂರು ಕೊಟ್ಟರೆ ವೈರಿಗೆ ಶಿಕ್ಷೆಯಾಗುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನನ್ನ ನೆನಪಿನ ಮೇಲೆ ನನಗೇ ಅನುಮಾನವಿರುವುದರಿಂದ ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಆದರೂ ಹೊನ್ನಾವರದ ಹತ್ತಿರ ಒಂದು ಏಪ್ರಿಲ್ ಮಧ್ಯಾಹ್ನ ಕಂಡದ್ದನ್ನು ಒಮ್ಮೆ ಪೂರ್ತಿಯಾಗಿ ಹೇಳಿಬಿಡಬೇಕು ಅನ್ನಿಸುತ್ತದೆ.

ಕರಾವಳಿಯಲ್ಲಿ ರೈಲು ಓಡತೊಡಗಿದ ಹೊಸತು. ಕುಮಟಾದಿಂದ ಭಟ್ಕಳದವರೆಗೆ ನಿಲ್ದಾಣದ ಸುತ್ತಲಿನ ಜಾಗಗಳಿಗೆ ಒಮ್ಮೆಲೇ ಬೆಲೆ ಬಂದಿತ್ತು. ನಾನು ಆಗ ನಾಗಪುರದಲ್ಲಿ ಅಧ್ಯಾಪಕ. ಗಂಡ ಬಿಟ್ಟುಹೋದ ಅಕ್ಕ ಹೊನ್ನಾವರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಜಾಗ ಕೊಂಡು ನಾಲ್ಕು ಕೋಣೆ ಕಟ್ಟಿಸಿದರೆ ಒಂದರಲ್ಲಿ ಅವಳಿರಬಹುದು, ಉಳಿದ ಮೂರರ ಬಾಡಿಗೆ ಅವಳ ಹೊಟ್ಟೆಗಾಗುತ್ತದೆ ಎಂದು ನನ್ನ ಆಸೆ.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ವಸಂತ ಜಾಗದ ದಲ್ಲಾಳಿಯಾಗಿದ್ದ. ಮಳೆಗಾಲ ಮುಗಿಯುತ್ತಲೇ ಫೋಟೋ ಕಳಿಸಿದ. ಸಮತಟ್ಟಾದ ಕೆಂಪು ನೆಲ, ಸುಣ್ಣ ಬಳಿದ ಬಾವಿಕಟ್ಟೆ, ಹಿಂದೆ ಹಸಿರು ಗದ್ದೆ. ನೋಂದಣಿಗೆಂದು ಒಂದೇ ದಿನ ಬಂದೆ, ಸಹಿ ಹಾಕಿ ಸಂಜೆಯ ರೈಲು ಹತ್ತಿದೆ. ಜಾಗ ನೋಡಲಿಲ್ಲ. ಹೊರಗಿನವನಾಗಿದ್ದರೆ ನಕ್ಷೆ ಕೇಳುತ್ತಿದ್ದೆ, ನಾಲ್ಕೂ ಗಡಿ ನಡೆದು ನೋಡುತ್ತಿದ್ದೆ, ಪಕ್ಕದ ಮನೆಯವರನ್ನು ವಿಚಾರಿಸುತ್ತಿದ್ದೆ. ನಾನು ಊರಿನವನು, ಕೊಡಿಸುವವನು ವಸಂತ, ಇನ್ನೇನು ನೋಡುವುದು ಎಂಬ ಹಮ್ಮು ನನ್ನದು.

ಏಪ್ರಿಲ್‌ನಲ್ಲಿ ಮೇಸ್ತ್ರಿಯನ್ನು ಕರೆದುಕೊಂಡು ಹೋದಾಗ ನನ್ನ ಜಾಗದಲ್ಲಿ ಮೊಣಕಾಲುದ್ದ ಉಪ್ಪುನೀರು ನಿಂತಿತ್ತು. ಒಂದೇ ಸರ್ವೆ ನಂಬರಿನಲ್ಲಿ ಎರಡು ಹಿಸ್ಸೆ, ಮೇಲೊಂದು ಕೆಳಗೊಂದು ತುಂಡು. ಬಾವಿಯಿದ್ದ ಮೇಲಿನದು ವಸಂತನ ಹೆಸರಲ್ಲೇ ಇತ್ತು. ನನಗೆ ಬರೆದುಕೊಟ್ಟದ್ದು ಕೆಳಗಿನ ಗಜನಿ. ಮಳೆಗಾಲದಲ್ಲಿ ಭತ್ತ ಬೆಳೆದು, ಬೇಸಗೆಯಲ್ಲಿ ಉಬ್ಬರದ ನೀರು ತುಂಬುವ ಗದ್ದೆ. ಫೋಟೋದಲ್ಲಿ ಹಿಂದೆ ಕಂಡ ಹಸಿರು ಅದೇ.

ವಸಂತ ನಕ್ಕ. "ಸಹಿ ಹಾಕುವಾಗ ಓದ್ಲಿಲ್ಯಾ? ನೀ ಪ್ರೊಫೆಸರ ಅಲ್ದಾ ಮಾರಾಯ? ಸಿಗಡಿ ಸಾಕು, ಅದ್ಕೂ ಈಗ ರೇಟು ಉಂಟು." ನನ್ನ ಮುಖ ಕಂಡು ದನಿ ಇಳಿಸಿದ. "ಭಾನುವಾರ ಮೇಲಿನ ಜಾಗ ನೋಡುಕೆ ಬೆಳಗಾವಿಯವ್ರು ಬತ್ರು. ಅದು ಹೋದ್ರೆ ನಿನ್ನ ದುಡ್ಡು ವಾಪಸ್ ಕೊಡ್ತೆ, ಆತಾ?"

ಆ ನಗೆ ನನ್ನ ಕಿವಿ ಬಿಟ್ಟು ಹೋಗಲಿಲ್ಲ. ಅವನನ್ನು ಹೇಗೆ ಹಾಳು ಮಾಡಬಹುದೆಂದು ದಿನಚರಿಯಲ್ಲಿ ನಾಲ್ಕು ಪುಟ ಬರೆದಿದ್ದೇನೆ. ಗಡಿ ಕಾಯುವ ದೈವ ಜಟಕನ ಕಲ್ಲಿನ ಮುಂದೆ ತೆಂಗಿನಕಾಯಿ ಇಟ್ಟು ದೂರು ಹೇಳುವುದು ನಮ್ಮ ಕಡೆಯ ರೂಢಿ. ಶನಿವಾರ ಯಾರಿಗೂ ಹೇಳದೆ ಹೋದೆ. ಕಾಯಿ ಇಡುವಾಗ ನನ್ನ ಬಗ್ಗೆ ನನಗೇ ನಗು ಬಂತು. ಆದರೆ ಬಾಯಿಂದ ಹೊರಟ ಮಾತಿನಲ್ಲಿ ನಗುವಿರಲಿಲ್ಲ: "ಯಾವ ಜಾಗ ತೋರಿಸಿ ಮೋಸ ಮಾಡಿದನೋ ಆ ಜಾಗ ಅವನ ಕಣ್ಣಿಗೆ ಕಾಣದೆ ಹೋಗಲಿ."

ಭಾನುವಾರ ವಸಂತ ಮತ್ತು ಬೆಳಗಾವಿಯವರ ಜೊತೆ ನಾನೂ ಹೋದೆ. ರಸ್ತೆಯಲ್ಲಿ ಕಾರು ನಿಲ್ಲಿಸಿ ವಸಂತ ಮುಂದೆ ನಡೆದ. ಗೇರು ಗಿಡಗಳನ್ನು ದಾಟಿದರೆ ಬಾವಿ, ಇಪ್ಪತ್ತು ಹೆಜ್ಜೆಯೂ ಇಲ್ಲ. ಅವನು ಬಾವಿಕಟ್ಟೆಯ ಪಕ್ಕದಲ್ಲೇ ಹಾದು ಕೆಳಗಿಳಿದು ಗಜನಿಯ ಕೆಸರಿನ ಅಂಚಿಗೆ ಹೋಗಿ ನಿಂತ. "ಇಲ್ಲೇ ಇತ್ತಲಾ," ಎಂದು ತಿರುಗಿದ. ರಸ್ತೆಗೆ ಹೋಗಿ ಮತ್ತೆ ಬಂದ, ಮತ್ತೆ ಕೆಸರು. ದಿನಚರಿ ಮೂರು ಸಲ ಎನ್ನುತ್ತದೆ, ನೆನಪು ಐದು ಎನ್ನುತ್ತದೆ. ಕೊನೆಯ ಸಲ ಅವನ ಅಂಗೈ ಬಾವಿಕಟ್ಟೆಯನ್ನು ಸವರಿದ್ದನ್ನು ನೋಡಿದೆ. ಬಿಸಿಲಲ್ಲಿ ಸುಣ್ಣ ಕಣ್ಣು ಕುಕ್ಕುತ್ತಿತ್ತು. ಬೆಳಗಾವಿಯವರು ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು. ವಸಂತ ಹುಡುಕುತ್ತಿದ್ದುದು ಆ ಬಾವಿಯ ಜಾಗವನ್ನೇ ಎಂದು ಅವರಿಗೆ ಗೊತ್ತಿರಲಿಲ್ಲ. "ಜಾಗವೇ ಇಲ್ಲದವ ಏನು ಮಾರ್ತಾನ್ರಿ ಇವ?" ಎಂದು ಹೊರಟುಹೋದರು. ವಸಂತ ಕೆಸರು ಕಾಲಲ್ಲೇ ನೆಲದ ಮೇಲೆ ಕೂತುಬಿಟ್ಟ. ಬಾವಿ ಅಲ್ಲೇ ಇದೆ ಎಂದು ನಾನು ಹೇಳಲಿಲ್ಲ. ನನ್ನ ಎದೆಯಲ್ಲಿ ಆಗ ಇದ್ದದ್ದು ಸಂತೋಷ.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಮೀನು ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟಳು. "ಅಲ್ದಾ ತಮ್ಮ, ಕೇಳುಕೆ ಹೋದವ ನಂಗೊಂದು ಸೂರು ಕೇಳುಕಾಗಿತ್ತು. ಅವನ ಕಣ್ಣು ಕಟ್ಕಂಡು ನಾ ಎಂತ ಮಾಡ್ಲಿ?"

ವಸಂತ ಜಾಗದ ವ್ಯವಹಾರ ಬಿಟ್ಟ. ನನ್ನ ಹಣ ಬರಲಿಲ್ಲ. ಅಕ್ಕ ಅದೇ ಬಾಡಿಗೆ ಕೋಣೆಯಲ್ಲಿ ಉಳಿದಳು. ಬಿಸಿಲಿಗೆ ಅವನ ತಲೆ ಸುತ್ತಿರಬಹುದು, ನನಗೆ ಮೋಸ ಮಾಡಿದ ಅಳುಕು ಕಾಡಿರಬಹುದು. ಆದರೆ ಕೈಗೆ ತಾಗಿದ ಕಟ್ಟೆ ಹೇಗೆ ಕಾಣದೆ ಹೋಗುತ್ತದೆ? ನನ್ನ ಓದೆಲ್ಲ ಅಲ್ಲಿಗೆ ನಿಲ್ಲುತ್ತದೆ.

ಏಳೆಂಟು ವರ್ಷದ ಮೇಲೆ ಕುಮಟಾ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ಕೂದಲು ನೆರೆತಿತ್ತು. ಕ್ಷೇಮ ಸಮಾಚಾರವೂ ಇಲ್ಲದೆ ಕೇಳಿದ: "ಅವತ್ತು ನಿಂಗೆ ಬಾವಿ ಕಾಣ್ತಿತ್ತಾ?"

"ಕಾಣ್ತಿತ್ತು."

"ಹಂಗಾದ್ರೆ ಎಂತಕೆ ಹೇಳ್ಲಿಲ್ಲ ಮಾರಾಯ? ಆ ದಿನ ನಿನ್ನ ದುಡ್ಡು ಕೊಡುವವ್ನೇ ಇದ್ದೆ."

ಅದು ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ಹೊನ್ನಾವರದ ಬಸ್ಸು ಬಂತು. ಅಕ್ಕನ ಕೋಣೆಗೆ ಹೋಗುವವನಿದ್ದೆ, ಹತ್ತಿ ಕೂತೆ.