ಒಂದು ಚಿಟಿಕೆ ಇಂಗ್ಲಿಷ್ ತಂಬಾಕು

ನಮ್ಮ ಮನೆಯಲ್ಲಿ ಬೆಳಗಾದರೆ ನೀರಿನ ಕೊಡಕ್ಕಿಂತ ಮೊದಲು ತುಂಬಬೇಕಾದದ್ದು ಅತ್ತೆಯವರ ಚಂಚಿ. ಚಂಚಿಯೆಂದರೆ ಎಲೆ-ಅಡಿಕೆಯ ಬಟ್ಟೆಚೀಲ. ಒಳಗೆ ನಾಲ್ಕು ಅರೆ, ಬಾಯಿಗೊಂದು ಲಾಡಿ. ಮೊದಲನೆಯ ಅರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಎರಡನೆಯದಕ್ಕೆ ಅಡಿಕೆಯ ಹೋಳು, ಮೂರನೆಯದಕ್ಕೆ ಸುಣ್ಣದ ಡಬ್ಬಿ, ಕೊನೆಯದಕ್ಕೆ ತಂಬಾಕು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಊಟದ ಮೇಜಿನ ಕರವಸ್ತ್ರವನ್ನು ಹೂವಿನಾಕಾರಕ್ಕೆ ಮಡಿಸುವುದನ್ನು ಬಹಳ ಶ್ರದ್ಧೆಯಿಂದ ಕಲಿಸಿದ್ದರು. ಆ ವಿದ್ಯೆ ಮೂವತ್ತು ವರ್ಷಗಳಿಂದ ಸಿಂಧನೂರಿನ ಒಂದು ಅಡುಗೆಮನೆಯಲ್ಲಿ ವೀಳ್ಯದೆಲೆಗೆ ಒದ್ದೆ ಬಟ್ಟೆ ಸುತ್ತುವುದರಲ್ಲಿ ಸಾರ್ಥಕಗೊಳ್ಳುತ್ತಿದೆ. ಕಲಿತದ್ದು ಯಾವುದೂ ವ್ಯರ್ಥವಾಗುವುದಿಲ್ಲವೆಂದು ಅವರೇ ಹೇಳುತ್ತಿದ್ದರು, ಇರಲಿ.

ಆ ದಿನ ಹಾಲು ಕಾಯಲು ಇಟ್ಟು, ಎಲೆಯ ತೊಟ್ಟು ಮುರಿದು, ಅಡಿಕೆ ಕತ್ತರಿಸಿ, ನಾಲ್ಕನೆಯ ಅರೆಗೆ ಬೆರಳಿಟ್ಟರೆ ಅದು ಬರಿದು. ತರಬೇಕಾದ ನನ್ನ ಯಜಮಾನರು ಮರೆತು, ಅಕ್ಕಿ ವ್ಯಾಪಾರದ ಕೆಲಸಕ್ಕೆಂದು ಮೊದಲ ಬಸ್ಸಿಗೇ ಮಸ್ಕಿಗೆ ಹೋಗಿದ್ದರು. ಓಣಿಯ ಕೊನೆಯ ಅಂಗಡಿಗೆ ಬೀಗ. ಅಂಗಡಿಯವನು ಗೊರೇಬಾಳದಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದನಂತೆ. ಒಳಗೆ ಅತ್ತೆಯವರ ಲಿಂಗಪೂಜೆ ಮುಗಿಯುತ್ತ ಬಂದಿತ್ತು. ಪೂಜೆ, ಒಂದು ಲೋಟ ಚಹಾ, ಅದರ ಹಿಂದೆಯೇ ತಂಬಾಕಿನ ಎಲೆ: ಈ ಕ್ರಮ ತಪ್ಪಿದರೆ ಅವರ ತಲೆ ನೋಯುತ್ತದೆ, ಅವರ ತಲೆ ನೊಂದರೆ ಮನೆಯಲ್ಲಿ ಉಳಿದವರಿಗೆ ತಲೆಯೇ ಇರುವುದಿಲ್ಲ. ನಾನು ಅಂಜುಬುರುಕಿ. ಅಂಜಿಕೆಯಲ್ಲಿ ಮೇಲಕ್ಕೆ ನೋಡಿದೆ. ಗೋಡೆಯ ಮರದ ಫಳಿಯ ಮೇಲೆ, ಉಪ್ಪಿನಕಾಯಿ ಜಾಡಿಯ ಹಿಂದೆ, ದೇಸಾಯಿ ಸರ್ ಅವರ ಡಬ್ಬಿ ಹೊಳೆಯುತ್ತಿತ್ತು.

ಈ ಡಬ್ಬಿಯ ಕತೆಯನ್ನು ನಿಮಗೆ ಹೇಳಬೇಕು. ದೇಸಾಯಿ ಸರ್ ಲಿಂಗಸುಗೂರಿನವರು, ನಿವೃತ್ತ ಇಂಗ್ಲಿಷ್ ಅಧ್ಯಾಪಕರು, ನನ್ನ ಯಜಮಾನರಿಗೆ ಗುರುಗಳು. ನಮ್ಮ ಸೀಮೆಯಲ್ಲಿ ಬೀಡಿಯುಂಟು, ಚುಟ್ಟಾ ಉಂಟು, ಚಿಲುಮೆಯೂ ಉಂಟು. ಪೈಪು ಸೇದುತ್ತಿದ್ದವರು ಮಾತ್ರ ನಾನು ಕಂಡಂತೆ ಇವರೊಬ್ಬರೇ. ಹೋದ ವರ್ಷ ಗಂಟಲು ನೋಡಿದ ಡಾಕ್ಟರು ಹೊಗೆಯನ್ನು ಖಡಾಖಂಡಿತವಾಗಿ ಬಿಡಿಸಿದರು. ಸರ್ ಪೈಪನ್ನು ಒಡೆದುಹಾಕಿದರು, ಆದರೆ ಪರದೇಶದಿಂದ ಯಾರೋ ತಂದುಕೊಟ್ಟಿದ್ದ ಅರ್ಧ ಡಬ್ಬಿ ತಂಬಾಕನ್ನು ಚೆಲ್ಲುವ ಎದೆಗಾರಿಕೆ ಅವರಿಗೆ ಬರಲಿಲ್ಲ. ಮನೆಯಲ್ಲಿದ್ದರೆ ಮನಸ್ಸು ಕೆಡುತ್ತದೆಂದು ನಮ್ಮಲ್ಲಿ ತಂದಿಟ್ಟರು. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾರೆ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಮ್ಮೆ ದೀರ್ಘವಾಗಿ ಮೂಸಿ, ಮುಚ್ಚಳ ಹಾಕಿ, ಚಹಾ ಕುಡಿದು ಹೋಗುತ್ತಾರೆ. ನೋಡಲು ತಮಾಷೆ, ನೋಡಿದ ಮೇಲೆ ಯಾಕೋ ಸಂಕಟ.

"ಇದು ಸೌಮ್ಯ ಜಾತಿ," ಎಂದು ಅವರು ಒಮ್ಮೆ ನನಗೆ ವಿವರಿಸಿದ್ದರು. "ಕೆಲವು ತಂಬಾಕು ಬಾಗಿಲಾ ಬಡದು ಒಳಗ ನುಗ್ತಾವ. ಇದು ಹಂಗಲ್ಲವ್ವಾ. ಚಪ್ಪಲಿ ಹೊರಗ ಬಿಟ್ಟು, ಕಾಲು ತೊಳಕೊಂಡು ಬರ್ತೈತಿ."

ಅತ್ತೆಯವರು ಪಡಸಾಲೆಯಿಂದಲೇ ಕೇಳಿದ್ದರು: "ಏನ್ ಮಾಸ್ತರ, ಬರೇ ಮೂಸಿ ನೋಡಾಕ ಇಷ್ಟು ದೂರ ಬರ್ತೀರಿ. ನಮ್ಹಂಗ ಬಾಯಾಗ ಹಾಕ್ಕೊಳ್ಳೋ ಹಂಗಿದ್ರ ಎಲ್ಲಿ ಮಟ ಹೋಗ್ತಿದ್ರಿ?"

ಈ ಮಾತು ನೆನಪಾಗಿಯೋ ಏನೋ, ತಂಬಾಕು ತಂಬಾಕೇ ಎಂಬ ಅದ್ವೈತಜ್ಞಾನ ಆ ಬೆಳಿಗ್ಗೆ ನನಗೆ ಥಟ್ಟನೆ ಉಂಟಾಯಿತು. ಡಬ್ಬಿ ಇಳಿಸಿದೆ. ಕಂದು, ಕಪ್ಪು, ಅಲ್ಲಲ್ಲಿ ಹೊಂಬಣ್ಣದ ಎಳೆಗಳು, ಸಣ್ಣಗೆ ಹೆರೆದ ಒಣಕೊಬ್ಬರಿಯಷ್ಟು ನವುರು. ಒಂದು ದೊಡ್ಡ ಚಿಟಿಕೆ ತೆಗೆದು ನಾಲ್ಕನೆಯ ಅರೆಗೆ ಹಾಕಿ ಲಾಡಿ ಎಳೆದೆ. ಅತ್ತೆಯವರು ಚಹಾ ಕುಡಿದು, ಚಂಚಿ ಹಿಡಿದು, ದಿನದಂತೆ ಹೊರಗಿನ ಕಟ್ಟೆಗೆ ಹೋಗಿ ಕುಳಿತರು. ಪಕ್ಕದ ಮನೆಯ ಹುಸೇನಬೀ ಜೊತೆ ಏನೋ ಮಾತು, ನಗು. ನಾನು ಗೆದ್ದೆನೆಂದುಕೊಂಡೆ.

ಮನೆಯಲ್ಲಿ ಇಂಗ್ಲಿಷ್ ಓದಲು ಬೇರೇನೂ ಸಿಗದ ಕಾರಣ ಮಾತ್ರೆಯ ಡಬ್ಬಿಯೊಳಗಿನ ಚೀಟಿ, ಗೊಬ್ಬರದ ಚೀಲ, ಬಿಸ್ಕತ್ತಿನ ಕಾಗದ ಎಲ್ಲವನ್ನೂ ಓದುವ ಚಟ ನನಗೆ. ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಸಿಸ್ಟರ್ ಹೇಳುತ್ತಿದ್ದರು. ನಾನು ಉತ್ತರವನ್ನು ಅತ್ತೆಯವರ ಬಾಯಿಗೆ ಕೊಟ್ಟು, ಆಮೇಲೆ ಡಬ್ಬಿಯ ತಳ ತಿರುಗಿಸಿ ಪ್ರಶ್ನೆ ಓದಿದೆ. ಮೃದುವಾದ ಮಿಶ್ರಣ ಎಂದಿತ್ತು. ಸೌದೆಯ ಹೊಗೆ, ಒಣ ಅಂಜೂರ, ಹಳೆಯ ಚರ್ಮ ಎಂದಿತ್ತು. ಚರ್ಮ! ಅದರ ಕೆಳಗೆ, ಇರುವೆಯ ಗಾತ್ರದ ಅಕ್ಷರಗಳಲ್ಲಿ, ಸೇದುವುದಕ್ಕೆ ಮಾತ್ರ ಎಂದಿತ್ತು.

ಅದು ಪರಿಮಳದ ವರ್ಣನೆ, ಕನಕಾಂಬರ ಬಣ್ಣದ ಸೀರೆಯಲ್ಲಿ ಕನಕಾಂಬರವಿರುವುದಿಲ್ಲ ಎಂದು ನನ್ನ ಬುದ್ಧಿ ಹೇಳಿತು. ಆದರೆ ಭಯ ಕಾನ್ವೆಂಟಿನಲ್ಲಿ ಓದಿರುವುದಿಲ್ಲ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಎಪ್ಪತ್ತೆಂಟರ ಮುದುಕಿಗೆ ನಾನು ಏನು ತಿನ್ನಿಸಿದೆ? ಸಾಲದ್ದಕ್ಕೆ ಸರ್ ಹೇಳಿದ್ದ ಇನ್ನೊಂದು ಮಾತು ನೆನಪಾಯಿತು: ಇದರಲ್ಲಿ ಬೆರೆಸುವ ಕಪ್ಪು ಎಲೆಯನ್ನು ಯಾವುದೋ ಸಮುದ್ರತೀರದ ನಾಡಿನಲ್ಲಿ ತಿಂಗಳುಗಟ್ಟಲೆ ಹೊಗೆಯಲ್ಲಿ ತೂಗುಹಾಕುತ್ತಾರಂತೆ, ಆ ಹೊಗೆ ಒಂಟೆಯ ಲದ್ದಿಯದೆಂಬ ಗಾಳಿಮಾತೂ ಉಂಟಂತೆ. ಆಕಳ ಸಗಣಿ ಸುಟ್ಟ ಬೂದಿಯನ್ನು ಹಣೆಗೆ ಧರಿಸುವ ನಾವು ಒಂಟೆಯನ್ನು ಯಾವ ಶಾಸ್ತ್ರದ ಮೇಲೆ ಕೀಳೆನ್ನಬೇಕು ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳಲು ನೋಡಿದೆ. ಸಮಾಧಾನವಾಗಲಿಲ್ಲ. ಸರ್‌ಗೇ ಫೋನು ಮಾಡಿದೆ.

"ಸರ್, ಸುಮ್ಮನ ಕೇಳ್ತೀನ್ರಿ. ನಿಮ್ಮ ತಂಬಾಕು ಯಾರಾರ ತಿಂದ್ರ ಏನಾಗ್ತೈತಿ?"

"ಅದನ್ನ ಯಾರು ತಿಂತಾರವ್ವಾ?"

"ಆಡು ರೀ."

"ನಿಮ್ಮ ಮನ್ಯಾಗ ಆಡು ಯಾವಾಗ ಬಂತು?"

"ಬಾಜೂ ಹುಸೇನಬೀ ಮನೀದ್ರಿ."

"ಎಷ್ಟು ತಿಂದೈತಿ?"

"ಒಂದು ಚಿಟಿಕಿ. ಎಲಿಗೆ ಸುಣ್ಣಾ ಹಚ್ಚಿಕೊಂಡು."

ಆ ಕಡೆ ಕುರ್ಚಿ ಸರಿಸಿ ಎದ್ದ ಸದ್ದಾಯಿತು. ಆಮೇಲೆ ಸರ್ ಮೆಲ್ಲಗೆ, "ನೀರು ಕುಡಸು. ಮ್ಯಾಲೆ ಕಣ್ಣಿಡು. ತಲಿ ತಿರುಗಿದ್ರ, ಬೆವತ್ರ, ಮೊದಲ ದವಾಖಾನಿಗೆ ಕರಕೊಂಡು ಹೋಗು. ಆಡಿಗೆ ವಯಸ್ಸು ಎಷ್ಟು?" ಎಂದರು. ನಾನು ಫೋನು ಇಟ್ಟುಬಿಟ್ಟೆ.

ಹೊರಗೆ ಬಂದರೆ ಅತ್ತೆಯವರು ಕಟ್ಟೆಯಿಂದ ಎದ್ದುಬಂದು ಪಡಸಾಲೆಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಹಗಲು ಹನ್ನೊಂದಕ್ಕೆ ಅವರು ಮಲಗಿದ್ದನ್ನು ನಾನು ನೋಡಿದ್ದಿಲ್ಲ. ಬಾಯಿ ತುಸು ತೆರೆದಿತ್ತು, ತುಟಿಯ ಅಂಚಿನಲ್ಲಿ ಕೆಂಪು. ಮೇಲ್ದುಟಿಯ ಮೇಲೆ ಬೆವರಿನ ಸಾಲು. ಸಿಂಧನೂರಿನ ಬಿಸಿಲಿಗೆ ಗೋಡೆಯೂ ಬೆವರುತ್ತದೆ, ಅದು ಗೊತ್ತು. ಆದರೂ ಆ ಆರೇಳು ಹನಿಗಳನ್ನು ನಾನು ಒಂದೊಂದಾಗಿ ನೋಡಿದೆ. ಕೊರಳಿನ ಲಿಂಗದ ಕರಡಿಗೆ ಎದೆಯ ಮೇಲೆ ಏಳುತ್ತಿದೆಯೇ, ಇಳಿಯುತ್ತಿದೆಯೇ? ಏಳುತ್ತಿತ್ತು. ಒಮ್ಮೆ ಇಳಿದದ್ದು ಏಳಲು ತಡಮಾಡಿತು, ಅಥವಾ ನನಗೆ ಹಾಗನ್ನಿಸಿತು. ಒಂದು ನೊಣ ಬಂದು ಅವರ ಮುಂಗೈ ಮೇಲೆ ಕುಳಿತು ನಿಶ್ಚಿಂತೆಯಿಂದ ಕಾಲು ಉಜ್ಜಿಕೊಂಡಿತು, ಅವರು ಓಡಿಸಲಿಲ್ಲ.

"ಅತ್ತೀ," ಎಂದೆ. ಮಿಸುಕಲಿಲ್ಲ. "ಅತ್ತೀ!"

ಒಂದು ಕಣ್ಣು ತೆರೆಯಿತು. "ಏನ ಬೇ?"

"ಏನಿಲ್ರೀ. ನೀರು ಕುಡೀತೀರೇನು ಅಂತ."

"ನಿದ್ದಿ ಕೆಡಿಸಿ ನೀರು ಹಾಕಾಕ ನಾ ಏನು ತುಳಸಿ ಗಿಡಾ ಏನು?" ಎಂದು, ಆದರೂ ಅರ್ಧ ಲೋಟ ಕುಡಿದು, ಮತ್ತೆ ಕಣ್ಣು ಮುಚ್ಚಿದರು. ಮಾತು ಸರಿಯಿತ್ತು, ಕೊಂಕೂ ಸರಿಯಿತ್ತು. ಆದರೆ ಲೋಟ ಹಿಡಿದ ಕೈ ನಡುಗಿತಲ್ಲ? ದಿನವೂ ನಡುಗುತ್ತದೆಯೇ? ಮೂವತ್ತು ವರ್ಷ ದಿನಕ್ಕೆ ಮೂರು ಸಲ ಲೋಟ ಕೊಟ್ಟವಳಿಗೆ ಅದು ಗೊತ್ತಿರಲಿಲ್ಲ. ಸಣ್ಣಸಣ್ಣದ್ದನ್ನೆಲ್ಲ ಗಮನಿಸುವವಳೆಂದು ನನಗೆ ನನ್ನ ಮೇಲೆ ಸಣ್ಣದೊಂದು ಹೆಮ್ಮೆಯಿತ್ತು. ಅದು ಆ ಕ್ಷಣ ಮುರಿಯಿತು. ಮಸ್ಕಿಗೆ ಫೋನು ಮಾಡಿ ಏನೆಂದು ಹೇಳುವುದು? ನಿಮ್ಮ ತಾಯಿಗೆ ಸೇದುವ ತಂಬಾಕು ತಿನ್ನಿಸಿದ್ದೇನೆ, ಬೇಗ ಬನ್ನಿ ಎಂದೇ?

ಆಗ ನನಗೆ ಹೊಳೆದ ಉಪಾಯವನ್ನು ಕೇಳಿ ನೀವು ನಗಬಹುದು. ನಮ್ಮ ಯಜಮಾನರು ಅಕ್ಕಿ ಕೊಳ್ಳುವ ಮೊದಲು ನಾಲ್ಕು ಕಾಳು ಹಲ್ಲಿಗಿಟ್ಟು ಕಡಿದು, ಹಳೆಯದೋ ಹೊಸದೋ, ಕಾಲುವೆಯ ತಲೆಯ ಕಡೆಯ ಗದ್ದೆಯದೋ ಬಾಲದ ಕಡೆಯದೋ ಹೇಳಿಬಿಡುತ್ತಾರೆ. ಯಾವುದರ ಗುಣವನ್ನಾದರೂ ತಿಳಿಯಬೇಕಾದರೆ ಹಲ್ಲಿಗಿಡಬೇಕೆಂಬುದು ನಮ್ಮ ಮನೆಯ ಪ್ರಮಾಣಶಾಸ್ತ್ರ. ನಾನೂ ಒಂದು ಚಿಟಿಕೆ ತಿನ್ನುವುದು. ನನಗೇನೂ ಆಗದಿದ್ದರೆ ಅವರಿಗೂ ಏನೂ ಆಗದು. ಏನಾದರೂ ಆದರೆ, ಆಗ ಉತ್ತರ ಹೇಳಲು ನಾನೇ ಇರುವುದಿಲ್ಲ. ತರ್ಕದಲ್ಲಿ ನನಗೆ ಯಾವಾಗಲೂ ಅಂಕ ಕಡಿಮೆ.

ಅಡುಗೆಮನೆಯ ಬಾಗಿಲು ಓರೆ ಮಾಡಿ, ಎಲೆಗೆ ಸುಣ್ಣ ಸವರಿ, ಅದೇ ಅಳತೆಯ ಚಿಟಿಕೆ ಇಟ್ಟು, ಮಡಿಸಿ ದವಡೆಗೆ ಒತ್ತಿಕೊಂಡೆ. ಮೊದಲು ಏನೂ ಇಲ್ಲ. ಸರ್ ಹೇಳಿದಂತೆ ಅದು ಹೊರಗೆ ಕಾಲು ತೊಳೆದುಕೊಳ್ಳುತ್ತಿತ್ತೇನೋ. ಆಮೇಲೆ ಒಲೆಯ ಹಿಂದಿನ ಕಪ್ಪು ಗೋಡೆ ನೆಕ್ಕಿದಂಥ ತಣ್ಣನೆಯ ಹೊಗೆ. ಅದರ ಹಿಂದೆ ಒಂದು ಹುಳಿ, ಹುಳಿಯ ಬೆನ್ನಿಗೆ ಎಲ್ಲೋ ದೂರದ ಸಿಹಿ. ಅಂಜೂರವಿದ್ದರೆ ಇದೇ ಇರಬೇಕು. ಚರ್ಮ ಸಿಗಲಿಲ್ಲ, ಶಿವನೇ ಕಾಪಾಡಿದ. ಒಂಟೆಯ ವಿಷಯದಲ್ಲಿ ನಾನು ಪ್ರಮಾಣ ಮಾಡಲಾರೆ. ನಿಜಕ್ಕೂ ಸೌಮ್ಯ ಎಂದು ತೀರ್ಪು ಕೊಡಬೇಕೆನ್ನುವಷ್ಟರಲ್ಲಿ ಆ ಸಭ್ಯ ಅತಿಥಿ ಒಳಗೆ ಬಂದು, ಮನೆಯನ್ನೇ ಹಿಡಿದು ತಿರುಗಿಸಿದ. ಬಿಕ್ಕಳಿಕೆ. ಕಿವಿಯಲ್ಲಿ ಅಕ್ಕಿ ಗಿರಣಿ. ಉಗುಳಿ, ಬಾಯಿ ಮುಕ್ಕಳಿಸಿ, ಗೋಡೆ ಹಿಡಿದು ಪಡಸಾಲೆಯವರೆಗೆ ಬಂದದ್ದು ನೆನಪಿದೆ. ಅತ್ತೆಯವರ ಕುರ್ಚಿಯ ಪಕ್ಕದಲ್ಲಿ ನೆಲದ ತಣ್ಣನೆಯ ಹಾಸುಬಂಡೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದೂ ನೆನಪಿದೆ. ಅಲ್ಲಿಂದ ನೋಡಿದರೆ ಅವರ ಪಾದ ಕಾಣುತ್ತಿತ್ತು. ಹಿಮ್ಮಡಿಯ ಬಿರುಕಿನಲ್ಲಿ ಅರಿಸಿನ. ಒಂದೇ ಚಿಟಿಕೆಗೆ, ಅದೂ ಅರೆಗಳಿಗೆಯಲ್ಲಿ ಉಗುಳಿದ್ದಕ್ಕೆ, ನನಗೇ ಹೀಗಾದರೆ, ಪೂರ್ತಿ ಅಗಿದ ಈ ಜೀವಕ್ಕೆ ಏನಾಗಿರಬಹುದು? ಕೂಗಬೇಕೆಂದರೆ ನಾಲಿಗೆ ಏಳಲಿಲ್ಲ. ಅಷ್ಟು ಹೆದರಿದ್ದು ಹೆರಿಗೆಯಲ್ಲೂ ಇಲ್ಲ.

ಅವರು ಎದ್ದರು. ತಾವಾಗಿಯೇ, ಮೊಣಕಾಲಿಗೆ ಕೈಯಿಟ್ಟು, ನರಳುತ್ತ. ಅಡುಗೆಮನೆಗೆ ಹೋಗಿ ಉಪ್ಪು ಬೆರೆಸಿದ ಮಜ್ಜಿಗೆ ತಂದು, ನನ್ನ ತಲೆಯನ್ನು ತೊಡೆಗೇರಿಸಿಕೊಂಡು ಕುಡಿಸಿದರು. ಸೆರಗಿನಿಂದ ನನ್ನ ಹಣೆ ಒರೆಸಿದರು.

"ಏನ ತಿಂದಿ?"

"ಏನಿಲ್ರೀ. ಪಿತ್ತ."

ನನ್ನ ತುಟಿಯನ್ನು ಒಂದು ಗಳಿಗೆ ದಿಟ್ಟಿಸಿದರು; ಕೆಂಪಾಗಿತ್ತೇನೋ. "ಪಿತ್ತ ಭಾಳ ಕೆಟ್ಟದ್ದವ್ವಾ," ಎಂದರು. "ಪೂರಾ ಕುಡಿ."

ಸಂಜೆಯವರೆಗೂ ನಾನು ಅವರನ್ನು ಕಾಯುತ್ತ ಕುಳಿತೆ, ಅವರು ನನ್ನನ್ನು ಕಾಯುತ್ತಿರುವರೆಂದು ನಟಿಸುತ್ತ. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸಿಗೆ ಹೆದರಿಕೊಂಡೇ ಬಾಳಿದ್ದೇನೆ: ಉಪ್ಪಿಗೆ, ರಂಗೋಲಿಗೆ, ತಡವಾಗಿ ಏಳುವುದಕ್ಕೆ. ಆ ಅಂಜಿಕೆ ನನಗೆ ಸೀರೆಯಷ್ಟೇ ರೂಢಿ. ಆ ದಿನ ಹನ್ನೊಂದರಿಂದ ಸಂಜೆಯವರೆಗೆ ಮೈ ಹೊಕ್ಕದ್ದು ಬೇರೆ ಜಾತಿಯದು, ನಾಳೆ ಬೆಳಿಗ್ಗೆ ಯಾರಿಗೆ ಚಂಚಿ ತುಂಬಲಿ ಎಂಬುದು. ಇಷ್ಟು ವರ್ಷ ಹಳೆಯ ಅಂಜಿಕೆಯ ಕೆಳಗೆ ಇದೂ ಇದ್ದಿತೇ? ನನಗೆ ತಿಳಿದಿರಲಿಲ್ಲ. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಬಿಕ್ಕಳಿಕೆ ಬಂತು.

ಹೊತ್ತು ಮುಳುಗಿತು. ಯಜಮಾನರು ಮಸ್ಕಿಯಿಂದ ಬಂದರು, ತಂಬಾಕಿನ ಪುಡಿಕೆಯನ್ನು ಈ ಸಲ ಮರೆಯದೆ ತಂದರು. ಅತ್ತೆಯವರು ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅವರ ಗಂಟೆಯ ಸದ್ದು ದಿನದಂತೆಯೇ ಗಟ್ಟಿಯಾಗಿತ್ತು. ಹುಸೇನಬೀ ಹಿತ್ತಲಿಗೆ ಬಂದು ನಮ್ಮ ಕರಿಬೇವಿನ ಗಿಡಕ್ಕೆ ಕೈಹಾಕಿದಳು. ಒಂದೊಂದೇ ಎಸಳು ಮುರಿಯುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು:

"ಅಮ್ಮಾ ಈಗ ಆರಾಮ ಅದಾರಲ್ಲಕ್ಕಾ? ಮುಂಜಾನೆ ಕಟ್ಟಿ ಮ್ಯಾಲೆ ಕುಂತು, 'ಇವತ್ತ ಸೊಸಿ ಏನೋ ಬ್ಯಾರೇನ ಹಾಕ್ಯಾಳ, ಬಾಯೆಲ್ಲ ಹೊಗಿ ಆಗೇತಿ, ತಲಿ ಗಿಮ್ ಅನ್ನಾಕತ್ತೈತಿ' ಅಂದ್ರು. 'ಉಗುಳ್ರೀ ಮತ್ತ' ಅಂದೆ. 'ಬ್ಯಾಡ, ಆಕಿ ನೋಡಿದ್ರ ಎದಿ ಒಡಕೋತಾಳ' ಅಂತ ಅಗದ ಅಗದ್ರು. 'ನನಗೇನಾರ ಆದ್ರ ಮೊದಲ ಈ ಚಂಚಿ ಒಯ್ದು ನಿಮ್ಮ ಒಲಿಗೆ ಹಾಕಿಬಿಡು, ನಮ್ಮ ಹುಡುಗಿ ಮ್ಯಾಲೆ ಮಾತು ಬರಬಾರದು' ಅಂತ ಬ್ಯಾರೆ ಹೇಳಿದ್ರು. ಭಾಳ ಮಜಾಕ್ ಮಾಡ್ತಾರ ನಿಮ್ಮ ಅತ್ತಿ... ಇಷ್ಟ ಸಾಕಕ್ಕಾ ಕರಿಬೇವು, ಬರ್ತೀನಿ."